ಚಪ್ಪಲಿ ಬಿಚ್ಚಿಸುವ ಹಾಗಿಲ್ಲ

ಬಸ್ಸಿಗೆ ಕಾದು ಕಾದು ಸಾಕಾಗಿದ್ದ ಟೈಲರನ ಕಿವಿಗೆ, ಬೆನ್ನ ಹಿಂದೆ ನಿಂತಿದ್ದ ಅಕ್ಕತಂಗಿಯರ ಮಾತು ಬಿತ್ತು. ತಂಗಿಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

“ದೇಣಿಗೆ ಎತ್ತೋ ಕೆಲಸಕ್ಕೆಲ್ಲ ಇವತ್ತಿಂದ ನಾನೇ ಮುಖ್ಯಸ್ಥೆ ಕಣೇ ಅಕ್ಕ. ನಮ್ಮಿಬ್ಬರನ್ನ ಓದಿಸಿದ ಸಂಸ್ಥೇಲೇ.”

“ಹೋದ ತಕ್ಷಣ ಏನು ಮಾಡ್ದೆ?”

“ಒಂದು ನಿಯಮ ತಂದೆ. ಫೋಟೊಗೋಸ್ಕರ ಯಾವ ಮಗುವಿನ ಚಪ್ಪಲೀನೂ ಬಿಚ್ಚಿಸೋ ಹಾಗಿಲ್ಲ. ಮಗು ಹೇಗಿದೆಯೋ ಹಾಗೇ ತೆಗೀಬೇಕು.”

“ಅಧ್ಯಕ್ಷರು ಒಪ್ಪಿದ್ರಾ?”

“ಬರಿಗಾಲು ಕಂಡ್ರೇನೇ ಜನರ ಕರುಳು ಚುರುಕ್ ಅನ್ನೋದು ಅಂದ್ರು. ನಿಮ್ಮ ಮೊಮ್ಮಗನ ಬೂಟು ಬಿಚ್ಚಿಸ್ತೀರಾ ಸಾರ್ ಅಂದೆ.”

“ಅಯ್ಯೋ, ನಿನ್ನ ಬಾಯಿಗೆ ಬೀಗಾನೇ ಇಲ್ಲ. ಆಮೇಲೆ?”

“ಸಭೇಲಿ ಯಾರ್ಯಾರ ಒಪ್ಪಿಗೆ ಇದೆ ಅಂದಾಗ ಎಲ್ಲರಿಗಿಂತ ಮೊದಲು ಅವರೇ ಕೈ ಎತ್ತಿದ್ರು. ಬರಿಗಾಲಿನ ಮಗು ಇರೋ ಆ ಹಳೇ ಪೋಸ್ಟರನ್ನೂ ಗೋಡೆಯಿಂದ ಇಳಿಸಿಬಿಟ್ಟೆ.”

ಬಸ್ಸು ಬಂತು. ಅಕ್ಕ ತಂಗಿಯ ಕೈ ಹಿಡಿದುಕೊಂಡಳು.

“ಒಳ್ಳೇದಾಯ್ತು ಬಿಡು. ಆ ಪೋಸ್ಟರಿನ ಫೋಟೊಗೆ ನಿನ್ನನ್ನ ಬರಿಗಾಲಲ್ಲಿ ನಿಲ್ಲಿಸಿದಾಗ, ನಿನ್ನ ಹೊಸ ಕೆಂಪು ಚಪ್ಪಲಿ ಹಿಡ್ಕೊಂಡು ಕ್ಯಾಮೆರಾ ಹಿಂದೆ ನಿಂತಿದ್ದವಳು ನಾನು.”

ಇಬ್ಬರೂ ಓಡಿಹೋಗಿ ಹತ್ತಿದರು. ತಾನು ಕಾಯುತ್ತಿದ್ದ ಬಸ್ಸೂ ಅದೇ ಎಂಬುದು ಟೈಲರನಿಗೆ ನೆನಪಾದದ್ದು, ಅದು ತಿರುವು ದಾಟಿದ ಮೇಲೆ.