ಹಸಿದ ಕೌದಿ

ಅಲ್ಲಕ್ಕಾ, ಯಾಕ ನಗಾಕತ್ತಿ? ಖರೇನ ಹೇಳಾಕತ್ತೇನಿ! ಹಿಮಾಲಯದ ನೆತ್ತಿ ಮ್ಯಾಲಿಂದ ಹಾರಿ ಬರತಾವ ಅವು. ತಲಿ ಮ್ಯಾಲೆ ಎರಡು ಕರೇ ಪಟ್ಟಿ ಇರೂ ಹೆಬ್ಬಾತು. ಮಂಗೋಲಿಯಾದಿಂದ ಸೀದಾ ನಮ್ಮ ಬೀಳಗಿ ಹಿನ್ನೀರಿಗೆ! ಇದನ್ನ ಹೇಳಿದಾಗ ಅವ್ವ ಏನಂದಿದ್ಲು, ನೆನಪೈತಿಲ್ಲ? "ಯಶೋಧರಾ, ಆ ಹಕ್ಕಿಗೋಳಿಗೆ ಅಷ್ಟು ದೂರದಿಂದ ಬೀಳಗಿ ಸಿಗತೈತಿ, ನಿನಗ ಬನಹಟ್ಟಿಗೆ ಬರಾಕ ಒಂದು ಬಸ್ಸ ಸಿಗೂದಿಲ್ಲೇನ ಬೇ?"

ನಗು, ನಗು. ರೈಲ್ವೆ ನೌಕರಿ, ಕೈಯಾಗ ಪಾಸು, ಕೊರಳಾಗ ದುರ್ಬೀನು. ಗಂಡ ಇಲ್ಲ, ಕೇಳಾವರಿಲ್ಲ. ತಿರುಗಿದ್ನಿ. ನೀ ಒಂಬತ್ತು ವರ್ಷ ಅವ್ವನ್ನ ಇದ ಮನ್ಯಾಗ ಇಟಗೊಂಡು ಜೋಪಾನ ಮಾಡಿದಿ, ನಾ ಪೋಸ್ಟಿನಾಗ ಫೋಟೋ ಕಳಿಸಿದ್ನಿ. ಚೀನಾದ ಕೊಕ್ಕರಿ, ಆಫ್ರಿಕಾದ ಕೊಕ್ಕರಿ. ಆಕಿ ಎಲ್ಲಾನೂ ಹಿಟ್ಟಿನ ಡಬ್ಬಿ ಮ್ಯಾಲೆ ಮುಚ್ಚಾಕ ಇಟಗೊಂಡಿದ್ಲು!

ಆತು, ಹಕ್ಕಿ ಮಾತು ಬಿಡು. ಕೌದಿ ನೋಡು. ಪಂಚಮಿ ದಿನಾನ ಪೆಟ್ಟಿಗ್ಯಾಗಿಂದ ಹೊರಗ ತಗೀಬೇಕು ಅಂತಿದ್ಲು ಅವ್ವ, ತಗದೇವಿ. ಪಂಚಮಿಗೊಂದು ಕೌದಿ, ಮನಿ ಹೆಣಮಕ್ಕಳೊಳಗ ಒಬ್ಬಾಕಿಗೆ. ಅಂಗಡಿ ಸೀರಿ ಒಂದೂ ಕೊಡಲಿಲ್ಲ ಪುಣ್ಯಾತಗಿತ್ತಿ, ಹಳೇದ್ನ ಹೊಲದ ಹೊಲದ ಕೊಟ್ಲು. ಈ ಹಸರು ನಿನ್ನ ಮದಿವಿ ಸೀರಿ. ಈ ನೀಲಿ ನನ್ನ ಸಾಲಿ ಲಂಗ. ಈ ಖಾಕಿ ಅಪ್ಪಂದು… ಎಲ್ಲಾರೂ ಬಂದು ನಿನ್ನ ಮೊಮ್ಮಗಳ ತೊಟ್ಟಿಲದಾಗ ಕುಂತೇವಿ ನೋಡು.

ಛಲೋ ಬಂದೈತಲ್ಲ? ದಂಡಿಯಿಂದ ಹಿಡದು ಸುತ್ತ ಸುತ್ತ ಹೊಲಕೋತ ಬಂದು ನಟ್ಟನಡುವ ಮುಗಸ್ಯಾಳ. ನಡುವ ಕಡೀಕ ಉಳಿಯೂ ಈ ಬಾಯಿ, ಹೊಟ್ಟಿ ಅಂತಿದ್ಲಲ್ಲ, ಅದನ್ನೂ ಆಕೀನ ಮುಚ್ಚಿದ್ಲು, ಕಡೀ ದಿನಾ. ನಾ ಬಾಜೂಕ ಕುಂತಿದ್ನಿ ಅಂತ ಆವತ್ತ ಹೇಳೇನಲ್ಲ? ಮುಂಜಾನಿ ಬಿಸಲಾಗ ಕುಂತು, ತಾನ ಸೂಜಿ ಪೋಣಿಸಿಕೊಂಡು…

ಏನು? ಯಾಕ ಹಂಗ ನೋಡತಿ?

ಹಾಂ… ಆಕಿಗೆ ಕಣ್ಣು ಕಾಣತಿರಲಿಲ್ಲ. ದಿನಾ ಮುಂಜಾನಿ ನೀನ ಪೋಣಿಸಿ ಕೊಡತಿದ್ದಿ. ಗೊತ್ತೈತಿ, ಗೊತ್ತೈತಿ. ನೀ ಮಗಳ ಬಾಣಂತನಕ್ಕ ಮುಧೋಳಕ್ಕ ಹೋಗಿದ್ದಿ, ಅದಕ್ಕ ನಾನ ಪೋಣಿಸಿ ಕೊಟ್ನಿ. ಬಾಯಿ ತಪ್ಪತು. ಏಳು ತಿಂಗಳಾತಲ್ಲ.

ಆಮ್ಯಾಲೆ ನೀರು ಬೇಡಿದ್ಲು. ನನ್ನ ಕೈಲೆ ಎರಡು ಗುಟುಕು. "ಹಣಮವ್ವ ಬಂದ್ಲೇನ?" ಅಂತ ನಿನ್ನ ಕೇಳಿದ್ಲು. ಕಣ್ಣು ಮುಚ್ಚಿದ್ಲು. ಅಷ್ಟ. ಮಣ್ಣಿಗೆ ಬಂದ ಮಂದಿ ಎಲ್ಲಾ ಅಂದ್ರಲ್ಲ, "ಸಾತವ್ವ ಪುಣ್ಯವಂತಿ, ಮಗಳ ಕೈಯಾಗಿನ ನೀರು ಕುಡದು ಹೋದ್ಲು" ಅಂತ. ನೀನೂ ನನ್ನ ತೆಕ್ಕಿಗೆ ಬಿದ್ದು ಅತ್ತಿ. "ನಾ ಇರಲಿಲ್ಲ, ನೀ ಇದ್ದೆಲ್ಲ, ಅಷ್ಟ ಸಾಕು" ಅಂದಿ.

ಅಲ್ಲೆ ನಡುವ ಏನ ಹುಡುಕಾಕತ್ತಿ? ಒತ್ತಿ ಒತ್ತಿ ಏನ ನೋಡತಿ ಅಕ್ಕಾ?

…ರೊಟ್ಟಿ ತುಣುಕು.

ಹೌದು. ಹೊಟ್ಟಿ ಮುಚ್ಚೂ ಮೊದಲ ಒಂದು ತುಣುಕು ಒಣಗಿದ ಕಟಕ ರೊಟ್ಟಿ ಇಡತಿದ್ಲು. ಕೌದಿ ಹಸದಿದ್ರ ಹೊಚಗೊಂಡ ಕೂಸೂ ಹಸದಿರತೈತಿ ಅಂತಿದ್ಲು. ನನ್ನ ಕೌದ್ಯಾಗಿನ ತುಣುಕು ಇನ್ನೂ ಕೈಗೆ ಹತ್ತತೈತಿ, ಲಡಾಖಿನ ಥಂಡ್ಯಾಗ ಅದನ್ನ ಹಿಚುಕಿಕೋತ ಮಲಗೇನಿ… ಇದರಾಗ ಇಡೂದು ಮರತಿರಬೇಕು ಆಕಿ. ಎಂಬತ್ತೆರಡು ವರ್ಷ, ಅಕ್ಕಾ! ನನ್ನ ಹೆಸರ ಮರೀತಿದ್ಲು.

ತಲಿ ಯಾಕ ಅಳ್ಳಾಡಸ್ತಿ? ಇರಿವಿ ತಿಂದಿರಬೇಕು ಹಂಗಾರ. ಪೆಟ್ಟಿಗ್ಯಾಗ ಇರಿವಿ ಬರೂದಿಲ್ಲೇನು?

ಏನರ ಅನ್ನು. ಬೈ. ಹಿಂಗ ಸುಮ್ಮ ಕುಂತ್ರ… ಅವ್ವನ ಗತೆ ಕುಂತಿ ನೋಡು. ಆಕೀನೂ ಹಿಂಗ ಸುಮ್ಮನ ಕುಂತಿದ್ಲು, ನಾ ಬಂದಾಗ.

ಹೌದು. ನಾ ಬಂದಾಗ.

ಮುಂಜಾನಿ ಸೂಜಿ ಹಿಡದು ಕರದ್ಲು ಅಕ್ಕಾ. "ಪೋಣಿಸಿ ಕೊಡ ಬೇ, ಮುಧೋಳದಾಗ ಕೂಸು ಹುಟ್ಟೈತಂತ, ಇವತ್ತ ಹೊಟ್ಟಿ ಮುಚ್ಚಿಬಿಡತೀನಿ." ನಾ ಚಪ್ಪಲಿ ಮೆಟಗೊಂಡು ನಿಂತಿದ್ನಿ. ಬಾತು ಬಂದಾವ ಅಂತ ಬೀಳಗಿಯಿಂದ ಒಬ್ಬಾಂವ ಫೋನ್ ಮಾಡಿದ್ದ, ಬಸ್ಸಿನ ಹೊತ್ತಾಗಿತ್ತು. "ಬಂದು ಪೋಣಸ್ತೀನಿ, ಹತ್ತಕ್ಕ ಬರತೀನಿ" ಅಂದ್ನಿ. ಒಂದು ಸೂಜಿ, ಅಕ್ಕಾ! ಎಷ್ಟೊತ್ತು ಬೇಕು? ಜಗತ್ತೆಲ್ಲಾ ಹಕ್ಕಿ ಕಾಯಕೋತ ತಾಸುಗಟ್ಲೆ ಕುಂತಾಕಿ ನಾ…

ನೂರಾ ಎಂಬತ್ತೇಳು ಬಾತು. ಎಣಸಿದ್ನಿ. ಹಾರಿ ಹೋದುವು, ತಿರುಗಿ ಬಂದು ಕುಂತುವು, ಮತ್ತ ಎಣಸಿದ್ನಿ. ಮನಿಗೆ ಬರೂದ್ರಾಗ ಎರಡೂವರಿ. ಸೂಜಿ ಬೆರಳಾಗ ಇತ್ತು. ದಾರ ತೊಡಿ ಮ್ಯಾಲೆ ಬಿದ್ದಿತ್ತು, ತುದಿ ಎಂಜಲ ಹಚ್ಚಿ ಹಚ್ಚಿ ಹಸೀ ಮಾಡಿದ್ಲು. ಬಾಜೂ ಮನಿ ಮಗ್ಗ ಖಟಖಟ ನಡದಿತ್ತು. ಕೂಗಿದ್ರೂ ಮಾದೇವಿಗೆ ಕೇಳತಿರಲಿಲ್ಲ… ಕೂಗಿದ್ಲೋ ಇಲ್ಲೋ. ನೀರಿನ ತಂಬಿಗಿ, ಬಸ್ಸಿನ ಗಡಿಬಿಡ್ಯಾಗ, ಆಕಿ ಕೈಗೆ ಎಟುಕದಲ್ಲೆ ನಾನ ಇಟ್ಟಿದ್ನಿ.

ಮೊದಲ ನಿನಗ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಬಾಗಲಾ ಹಾಕಿ, ಆಕಿ ಬೆರಳಾಗಿನ ಸೂಜಿ ಬಿಡಿಸಿಕೊಂಡು, ಆಕಿ ಬಾಜೂಕ ಕುಂತು ನಾ ಇದನ್ನ ಮುಚ್ಚಿದ್ನಿ. ಆಕೀನ ಮುಗಸ್ಯಾಳ ಅಂತ ನೀ ತಿಳೀಲಿ ಅಂತ. ಮಾದೇವಿ ಕೊಟ್ಟ ರೊಟ್ಟಿ ಬುಟ್ಟ್ಯಾಗ ಹಂಗ ಇದ್ದುವು. ಒಂದು ತುಣುಕು ಮುರದು ಇಡಾಕ ನೆನಪಾಗಲಿಲ್ಲ ನನಗ.

ಯಾಕ ಎದ್ದಿ? ಅಕ್ಕಾ… ಹೋಗಬ್ಯಾಡ. ಹೊಡಿ ಬೇಕಾದ್ರ. ಪಂಚಮಿ ದಿನಾ ಮನಿಗೆ ಬಂದಾಕೀನ ಹೊರಗ ಹಾಕು, ನಡೀತೈತಿ.

ಅಡಗಿ ಮನ್ಯಾಗ ಏನ ಹುಡುಕತಿ? ಅಕ್ಕಾ?

…ರೊಟ್ಟಿ.

ಬಿಚ್ಚು. ಬಿಚ್ಚು, ಅದು ನಾ ಹಾಕಿದ ಹೊಲಿಗಿ, ಭಾಳ ಗಟ್ಟಿ ಇಲ್ಲ. ಇಡು… ಅಷ್ಟ ಸಾಕು, ಸಣ್ಣ ತೊಟ್ಟಿಲದ್ದು. ಈಗ ಮುಚ್ಚಿಬಿಡು.

ಸೂಜಿ ಯಾಕ ನನ್ನ ಮುಂದ ಹಿಡದಿ? ದಾರಾನೂ… ನಿನಗ ಕಣ್ಣು ಕಾಣತಾವಲ್ಲ ಅಕ್ಕಾ. ಛಲೋ ಕಾಣತಾವ ನಿನಗ.

ಅಕ್ಕಾ.

…ತಾ ಇಲ್ಲೆ. ಪೋಣಸ್ತೀನಿ. ತಡಿ, ದಾರದ ತುದಿಗೆ ಎಂಜಲ ಹಚ್ಚತೀನಿ. ತಡಿ…