ಮೆಟಾಡೋರಿನ ಹಾಸಿಗೆ

ರೋಣದ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಪಕ್ಕದಲ್ಲಿ ನಡುವಯಸ್ಸಿನ ಗಂಡ ಹೆಂಡತಿ. ತಿರುಗಾಟಕ್ಕೆಂದು ಹಳೆಯ ಮೆಟಾಡೋರ್ ವ್ಯಾನಿನೊಳಗೆ ಮನೆ ಮಾಡಿಸುತ್ತಿದ್ದರಂತೆ.

“ಬಡಿಗ್ಯಾ ಖಾದರಗ ಹೇಳ್ರಿ, ಕಪಾಟ ಹಿಂದಿನ ಬಾಜೂಕ ಬರ್ಲಿ. ಇಲ್ಲಂದ್ರ ರೊಟ್ಟಿ ಡಬ್ಬಿ ಎಲ್ಲಿಡ್ಲಿ?” ಎಂದಳು ಹೆಂಡತಿ.

“ಹಂಗಾದ್ರ ಹಾಸಿಗಿ ಗಿಡ್ಡ ಆಗತೈತಿ. ನನ್ನ ಕಾಲ ಎಲ್ಲಿಡ್ಲಿ?”

“ಕುಂತ ನಿದ್ದಿ ಮಾಡ್ರಿ. ಬಸ್ಸಿನ್ಯಾಗ ಮಾಡೂದಿಲ್ಲೇನು?”

“ಸತ್ತಮ್ಯಾಲೆ ಹ್ಯಾಂಗೂ ನಮ್ಮ ಲಿಂಗಾಯತ ಮಂದಿ ಕುಂಡ್ರಿಸೇ ಹೂಳತಾರ. ಜೀವ ಇರೂತನಕರ ಕಾಲ ಚಾಚಿ ಮಲಗತೇನಿ!”

ಗಜೇಂದ್ರಗಡದ ಬಸ್ ಬಂತು. ಚೀಲ ಎತ್ತಿಕೊಂಡು ಹತ್ತುತ್ತ ಆಕೆ ಅಂದಳು:

“ಆತ ಬಿಡ್ರಿ. ಕಪಾಟಿನ ಬುಡಕ ಖಾಲಿ ಬಿಡಸ್ತೀನಿ, ಅದರಾಗ ಕಾಲ ಚಾಚ್ರಿ. ಆದ್ರ ನಿದ್ದಿಗಣ್ಣಾಗ ನನ್ನ ರೊಟ್ಟಿ ಡಬ್ಬಿಗಿ ಒದ್ದ್ರ, ಅವತ್ತ ನಿಮ್ಮನ್ನ ನಾನ ಕುಂಡ್ರಸತೀನಿ!”