ಬಟನ್ನಿಗೆ ದೀಪ ಬೇಡ ಅಂದವನು

ನಗ್ಬೇಡ ಕಣೇ, ನಗ್ಬೇಡ! ಅದು ಹೊಗೆಯಲ್ಲ, ಹಬೆ. ಬರೀ ಹಬೆ! ನೀರು ಕುದ್ರೆ ಹಬೆ ಬರದೆ ಮಲ್ಲಿಗೆ ವಾಸನೆ ಬರುತ್ತಾ? ನನ್ನ ಸೀಟಲ್ಲೇ ಕೂತಿರು, ಈ ಕಡೆ ನೆರಳಿದೆ. ಬಾನೆಟ್ ಈಗ್ಲೇ ಎತ್ತೋ ಹಾಗಿಲ್ಲ, ಕೈ ಬೇಯುತ್ತೆ. ಕೀ ಹಾಗೇ ಇರ್ಲಿ. ಎಂಜಿನ್ ನಿಂತ್ರೂ ಫ್ಯಾನ್ ಓಡ್ತಿರ್ಬೇಕು, ಆಗ್ಲೇ ರೇಡಿಯೇಟರ್ ತಣಿಯೋದು.

ಏನಂದೆ? ಈ ಕಡೆ ತಿರುಗಿ ಹೇಳೇ ಮಾರಾಯ್ತಿ, ಅಪ್ಪನ ಹತ್ರ ಮಾತಾಡೋವಾಗ ರಸ್ತೆ ನೋಡ್ತಾರಾ?

ಓಹೋ, ಈ ಬಟನ್ನಾ! ಹೊಸ ಕಾರಲ್ಲಿ ಬಿಸಿಯಾದ್ರೆ ಫ್ಯಾನ್ ತಾನೇ ತಿರುಗುತ್ತೆ. ನಮ್ಮ ಮುದುಕಿಗೆ ಆ ಬುದ್ಧಿ ಯಾವತ್ತೋ ಹೋಯ್ತು. ಅದಕ್ಕೇ ಸ್ಟೀರಿಂಗ್ ಕೆಳಗೆ ಇದನ್ನ ಹಾಕಿಸ್ದೆ. ಒಂದ್ಸಲ ಒತ್ತಿದ್ರೆ ಓಡುತ್ತೆ, ಇನ್ನೊಂದ್ಸಲ ಒತ್ತಿದ್ರೆ ನಿಲ್ಲುತ್ತೆ. ಓಡ್ತಿದ್ಯೋ ಇಲ್ವೋ ಗೊತ್ತಾಗೋಕೆ ಪುಟ್ಟ ದೀಪ ಹಾಕ್ಲಾ ಅಂದ ಎಲೆಕ್ಟ್ರಿಷಿಯನ್. ದೀಪ ಯಾಕಯ್ಯಾ, ನನಗೆ ಕಿವಿ ಇಲ್ವಾ ಅಂದೆ! ದೊಡ್ಡ ಸಂಗೀತ ವಿದ್ವಾಂಸ ನೋಡು ನಾನು! ನಿಮ್ಮಮ್ಮ ಅಂತೂ, "ಫ್ಯಾನೂ ನೀವೂ ಒಂದೇ, ಯಾರಾದ್ರೂ ಒತ್ತದೆ ಕದಲೋರಲ್ಲ" ಅಂತಾಳೆ.

ಅಯ್ಯೋ, ದಿಬ್ಬದ ಬುಡದಲ್ಲಿ ಒತ್ತಿದ್ನಲ್ಲೇ! ನೀನೇ ನೋಡ್ದೆ... ಏನು, ಮನೆ ಗೇಟ್ ಹತ್ರಾನೂ ಒತ್ತಿದ್ನಾ? ಇಲ್ಲ ಇಲ್ಲ... ಒತ್ತಿದ್ರೂ... ಸುಮ್ನಿರು, ಫ್ಯಾನ್ ನಿಂತಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ? ತಪ್ಪೆಲ್ಲ ರೇಡಿಯೇಟರ್ ಮುಚ್ಚಳದ್ದು. ಕಾರಿಗೆ ವಯಸ್ಸಾಯ್ತು, ಮುಚ್ಚಳಕ್ಕೆ ವಯಸ್ಸಾಯ್ತು. ನನಗಾ? ನನಗ್ಯಾಕೆ ಆಗುತ್ತೆ!

ಇದೊಂದಕ್ಕೆ ಕೊಟ್ಟ ಮಾತು ಬದಲಾಯಿಸ್ಬೇಡ ಮಗಳೇ. ಇವತ್ತು ನೀನು ಪಕ್ಕದಲ್ಲಿ ಕೂತು ಬಂದಿದ್ದು ನನ್ನ ಪರೀಕ್ಷೆ ಮಾಡೋಕೆ ಅಂತ ಗೊತ್ತು. ನಾಳೆಯಿಂದ ಪುಟ್ಟಿನ ಸ್ಕೂಲಿಗೆ ನಾನೇ ಬಿಡ್ಬೇಕು. ಹಿಂದಿನ ಸೀಟು ಒರೆಸಿ, ಅವಳ ಚೀಲ ನೇತುಹಾಕೋಕೆ ಕೊಕ್ಕೆ ಬೇರೆ ಹಾಕಿದೀನಿ. ಮೊಮ್ಮಗಳು ದಿನಾ ಒಂದಿಷ್ಟು ಹೊತ್ತು ನನ್ನ ಪಾಲಿಗೆ ಸಿಗ್ತಾಳೆ ಅಂತ ಆಸೆ ಕಣೇ... ಇಲ್ಲ ಅನ್ಬೇಡ.

ನೋಡು, ಫ್ಯಾನ್ ಈಗ್ಲೂ ಹೇಗೆ ಓಡ್ತಿದೆ! ಕೇಳಿಸ್ಕೋ... ಗುಂಯ್ ಅಂತ... ಆಹಾ! ಬಂತಾ ಕಿವಿಗೆ?

ಯಾಕೆ ಹಾಗೆ ನೋಡ್ತೀಯ?

ಏಯ್, ಬಟನ್ ಯಾಕೆ ಒತ್ತಿದೆ? ಓಡೋ ಫ್ಯಾನ್ ನಿಲ್ಲಿಸ್ಬಿಟ್ಯಲ್ಲೇ! ಏನದು ಕೈಸನ್ನೆ? ಹೆಡ್‌ಲೈಟ್ ಪಕ್ಕ ಕೈ ಇಡ್ಬೇಕಾ? ಇಗೋ, ಇಟ್ಟೆ. ಏನೀಗ...

ನಡುಗ್ತಿದೆ.

ಈಗ ತಗಡು ನಡುಗ್ತಿದೆ... ಅಂದ್ರೆ ಫ್ಯಾನ್ ಶುರುವಾಗಿದ್ದೇ ಈಗ. ಇಷ್ಟು ಹೊತ್ತು ನಿಂತೇ ಇತ್ತಾ? ಹಾಗಾದ್ರೆ ನಾನು ಕೇಳಿದ ಗುಂಯ್...

ಬೈಯೇ. ಬೈದುಬಿಡು, ಅಳ್ಬೇಡ. ನನ್ನ ಮುಖ ನೋಡ್ಕೊಂಡು ಬೈ, ತುಟಿ ಕಂಡ್ರೆ ಪೂರ್ತಿ ಕೇಳಿಸುತ್ತೆ... ನಿನಗೆ ಮೊದ್ಲೇ ಅನುಮಾನ ಇತ್ತು, ಅಲ್ವಾ?

ಸರಿ, ನೀನೇ ಓಡಿಸು. ನಾನು ಆ ಕಡೆ ಕೂತ್ಕೋತೀನಿ. ಕೀ ನಿನ್ನ ಹತ್ರಾನೇ ಇರ್ಲಿ... ಪುಟ್ಟಿಗೆ ಮಾತ್ರ ತಾತನ ಕಿವಿ ಅನ್ಬೇಡ. ಕಾರು ಕೆಟ್ಟಿದೆ ಅಂತ ಹೇಳು.